ಒಂದೇ ಇಂಗ್ಲಿಷ್, ಎರಡು ಬಗೆಯ ನಗು: ಬ್ರಿಟಿಷರು ಮತ್ತು ಅಮೆರಿಕನ್ನರ ನಡುವೆ ಇರುವವರಿಗೆ

ಅಮೆರಿಕದಲ್ಲಿ ನೆಲೆಸಿದ ಬ್ರಿಟಿಷರನ್ನು ಅಲ್ಲಿನವರು ಪರದೇಶದವರೆಂದು ಅಷ್ಟಾಗಿ ಎಣಿಸುವುದೇ ಇಲ್ಲ. ಜಪಾನಿನಿಂದಲೋ ಬ್ರೆಜಿಲ್‌ನಿಂದಲೋ ಬಂದವರು ಮಾತಾಡಿದರೆ ಅಮೆರಿಕನ್ ಸಹೋದ್ಯೋಗಿ ಕಿವಿಗೊಟ್ಟು ಕೇಳುತ್ತಾನೆ, ತಿಳಿಯದಿದ್ದರೆ ಇನ್ನೊಮ್ಮೆ ವಿಚಾರಿಸುತ್ತಾನೆ. ಬ್ರಿಟಿಷ್ ಸಹೋದ್ಯೋಗಿ ಮಾತಾಡಿದಾಗ ಎಲ್ಲ ಅರ್ಥವಾಯಿತು ಅಂದುಕೊಂಡು ಮುಂದಕ್ಕೆ ಹೋಗುತ್ತಾನೆ. ಆ ಕಡೆಯಿಂದಲೂ ಅಷ್ಟೇ. ಚಿಕ್ಕಂದಿನಿಂದ ಅಮೆರಿಕದ ಸಿನಿಮಾ, ಧಾರಾವಾಹಿ ನೋಡಿ ಬೆಳೆದ ಬ್ರಿಟಿಷರಿಗೆ ಆ ದೇಶ ತಮಗೆ ಚೆನ್ನಾಗಿ ಗೊತ್ತು ಅನ್ನಿಸಿರುತ್ತದೆ. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಗಳಿಂದಲೇ ಮನಸ್ತಾಪ ಶುರುವಾಗುವುದು.

ಇವರಿಬ್ಬರ ನಡುವೆ ಈಗ ಕನ್ನಡಿಗರು ಬೇಕಾದಷ್ಟು ಮಂದಿ ಇದ್ದಾರೆ. ಬೆಂಗಳೂರಿನಲ್ಲಿ ಕೂತು ಮಧ್ಯಾಹ್ನ ಲಂಡನ್ ತಂಡದ ಜೊತೆ, ಸಂಜೆ ನ್ಯೂಜೆರ್ಸಿ ತಂಡದ ಜೊತೆ ಕಾಲ್‌ನಲ್ಲಿರುವವರು; ಅಮೆರಿಕದಲ್ಲೇ ಇದ್ದು ಬ್ರಿಟಿಷ್ ಮ್ಯಾನೇಜರ್ ಕೈಕೆಳಗೆ ದುಡಿಯುವವರು; ಪಕ್ಕದ ಮನೆಯಲ್ಲಿ ಬ್ರಿಟಿಷ್ ಸಂಸಾರ ಇರುವವರು. ಈ ಲೇಖನ ಅವರಿಗಾಗಿ. ಮೊದಲನೆಯದಾಗಿ, ಬ್ರಿಟಿಷರಿಗೆ ಹಾಸ್ಯಪ್ರಜ್ಞೆ ಹೆಚ್ಚು, ಅಮೆರಿಕನ್ನರಿಗೆ ವ್ಯಂಗ್ಯವೇ ಗೊತ್ತಾಗದು ಎಂಬ ಹಳೆಯ ಮಾತನ್ನು ದಯವಿಟ್ಟು ತಲೆಯಿಂದ ತೆಗೆದುಹಾಕಿ. ಮಾರ್ಕ್ ಟ್ವೇನ್ ಹುಟ್ಟಿದ ನಾಡಿಗೆ ಯಾರೂ ವ್ಯಂಗ್ಯ ಕಲಿಸಬೇಕಿಲ್ಲ. ನಾನು ಗಮನಿಸಿದಂತೆ ಎರಡೂ ಕಡೆಯವರು ಒಂದೇ ಪ್ರಮಾಣದಲ್ಲಿ ನಗುತ್ತಾರೆ. ತಾನೀಗ ತಮಾಷೆ ಮಾಡುತ್ತಿದ್ದೇನೆ ಎಂದು ಎದುರಿನವರಿಗೆ ಗೊತ್ತುಪಡಿಸಬೇಕೋ ಬೇಡವೋ ಎಂಬಲ್ಲಿ ದಾರಿ ಬೇರೆಯಾಗುತ್ತದೆ.

ಹೆಜ್ಜೆ 1: ಮಾತಿನ ತೂಕವನ್ನು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿ

1982ರ ಜೂನ್ 24ರ ರಾತ್ರಿ. ಲಂಡನ್ನಿನಿಂದ ಮುಂಬೈ ಮೂಲಕ ಆಕ್ಲೆಂಡ್‌ಗೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ ಇಂಡೋನೇಷ್ಯಾದ ಜಾವಾ ಬಳಿ ಗಾಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಿತು. ಒಂದಾದ ಮೇಲೊಂದು ನಾಲ್ಕೂ ಎಂಜಿನ್ ಆರಿಹೋದವು. ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಹೇಳಿದ್ದು ಹೆಚ್ಚುಕಡಿಮೆ ಇಷ್ಟು: ನಾನು ನಿಮ್ಮ ಕ್ಯಾಪ್ಟನ್ ಮಾತಾಡುತ್ತಿದ್ದೇನೆ, ನಮಗೊಂದು ಸಣ್ಣ ಸಮಸ್ಯೆ ಎದುರಾಗಿದೆ, ನಾಲ್ಕೂ ಎಂಜಿನ್ ನಿಂತುಹೋಗಿವೆ, ಮತ್ತೆ ಚಾಲೂ ಮಾಡಲು ಶಕ್ತಿಮೀರಿ ಯತ್ನಿಸುತ್ತಿದ್ದೇವೆ, ನಿಮಗೆ ತೀರಾ ಕಳವಳವಾಗಿಲ್ಲ ಎಂದು ನಂಬಿದ್ದೇನೆ. ಎಂಜಿನ್‌ಗಳು ಮತ್ತೆ ಹೊತ್ತಿಕೊಂಡವು, ವಿಮಾನ ಜಕಾರ್ತಾದಲ್ಲಿ ಸುರಕ್ಷಿತವಾಗಿ ಇಳಿಯಿತು. ಆ 'ಸಣ್ಣ ಸಮಸ್ಯೆ' ಎಂಬ ಮಾತನ್ನು ಬ್ರಿಟಿಷರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಅಪಾಯ ದೊಡ್ಡದಾದಷ್ಟೂ ಮಾತು ಸಣ್ಣದಾಗಬೇಕು, ಅದೇ ಧೈರ್ಯದ ಗುರುತು, ಅದರಲ್ಲೇ ಒಂದು ನಗುವೂ ಅಡಗಿದೆ ಎಂಬುದು ಅವರು ಬೆಳೆದ ರೀತಿ.

ಆ ಮಾತಿನ ರೀತಿಯೇ ಜೀವಕ್ಕೆ ಎರವಾದದ್ದೂ ಇದೆ. ಕೊರಿಯಾ ಯುದ್ಧದಲ್ಲಿ, 1951ರ ಏಪ್ರಿಲ್ ಕೊನೆಯ ವಾರ, ಇಮ್ಜಿನ್ ನದಿಯ ದಡದಲ್ಲಿ ಬ್ರಿಟಿಷ್ ಸೇನೆಯ ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ಒಂದು ಬೆಟಾಲಿಯನ್ನನ್ನು ಚೀನಾದ ಭಾರೀ ಸೇನೆ ಸುತ್ತುವರಿದಿತ್ತು. ಬ್ರಿಗೇಡಿಯರ್ ಟಾಮ್ ಬ್ರೋಡಿ ತನ್ನ ಮೇಲಧಿಕಾರಿ, ಅಮೆರಿಕದ ಜನರಲ್ ರಾಬರ್ಟ್ ಸೌಲ್‌ಗೆ ಪರಿಸ್ಥಿತಿ ವರದಿ ಮಾಡಿದ್ದು 'ಸ್ವಲ್ಪ ಇಕ್ಕಟ್ಟಾಗಿದೆ ಸರ್' ಎಂಬ ಧಾಟಿಯಲ್ಲಿ. ಬ್ರಿಟಿಷ್ ಕಿವಿಗೆ ಅದು 'ನಾವು ಉಳಿಯುವ ಹಾಗಿಲ್ಲ' ಎಂಬ ಕೂಗು. ಅಮೆರಿಕದ ಜನರಲ್ ಕೇಳಿದ್ದು, ಕಷ್ಟವಿದೆ, ಆದರೆ ನಿಭಾಯಿಸುತ್ತಿದ್ದಾರೆ ಎಂದು. ಹಿಂದಕ್ಕೆ ಬರುವ ಆಜ್ಞೆ ಸಕಾಲಕ್ಕೆ ಬರಲಿಲ್ಲ. ಐನೂರಕ್ಕೂ ಹೆಚ್ಚು ಸೈನಿಕರು ಸೆರೆಸಿಕ್ಕರು. ಸೋಲಿಗೆ ಇದೊಂದೇ ಕಾರಣವಲ್ಲ ನಿಜ, ಆದರೂ ಈ ಘಟನೆಯನ್ನು ಓದಿದಾಗಲೆಲ್ಲ ನನ್ನ ಮನಸ್ಸಿಗೆ ಬರುವುದು ಒಂದೇ: ನಾಳೆ ಬೆಳಗಿನವರೆಗೆ ತಡೆದುಕೊಳ್ಳಲು ಸಾಧ್ಯವೇ ಎಂದು ಒಂದು ನೇರ ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ನೀವು ಮಾಡಬೇಕಾದದ್ದೂ ಅದನ್ನೇ. ಬ್ರಿಟಿಷ್ ಸಹೋದ್ಯೋಗಿ 'ಸ್ವಲ್ಪ ತೊಂದರೆ', 'ಚಿಕ್ಕದೊಂದು ಕಾಳಜಿ' ಎಂದಾಗ ವಿಶೇಷಣವನ್ನು ನಂಬಬೇಡಿ, ಸಂಗತಿಯನ್ನು ಕೇಳಿ. ಶುಕ್ರವಾರದ ಗಡುವು ತಪ್ಪುತ್ತದೆಯೇ? ಗ್ರಾಹಕರಿಗೆ ಈಗಲೇ ತಿಳಿಸಬೇಕೇ? ಇಂಥ ಪ್ರಶ್ನೆಗೆ ಅವರು ನೇರವಾಗಿಯೇ ಉತ್ತರ ಕೊಡುತ್ತಾರೆ. ಪ್ರಸ್ತಾಪವೊಂದಕ್ಕೆ 'ವೆರಿ ಇಂಟರೆಸ್ಟಿಂಗ್' ಎಂದಷ್ಟೇ ಹೇಳಿ ಸುಮ್ಮನಾದರೆ ಬಹುಪಾಲು ಒಪ್ಪಿಗೆ ಇಲ್ಲ ಎಂದರ್ಥ. 'ನಾಟ್ ಬ್ಯಾಡ್' ಎಂದರೆ ಚೆನ್ನಾಗಿದೆ. 'ವಿತ್ ರೆಸ್ಪೆಕ್ಟ್' ಎಂದು ಶುರುವಾದ ವಾಕ್ಯದಲ್ಲಿ ಮುಂದೆ ಗೌರವ ನಿರೀಕ್ಷಿಸಬೇಡಿ. ತೀರಾ ಮೋಸಹೋಗುವುದು 'ಕ್ವೈಟ್ ಗುಡ್' ವಿಷಯದಲ್ಲಿ: ಅಮೆರಿಕನ್ ಹೇಳಿದರೆ ತುಂಬಾ ಚೆನ್ನಾಗಿದೆ, ಬ್ರಿಟಿಷರು ಹೇಳಿದರೆ ಪರವಾಗಿಲ್ಲ ಅನ್ನುವಷ್ಟು.

ಅಮೆರಿಕನ್ನರ ತಕ್ಕಡಿ ಮೇಲ್ಮುಖ. 'ಆಸಮ್', 'ಅಮೇಜಿಂಗ್', 'ಐ ಲವ್ ಇಟ್' ಇವೆಲ್ಲ ಅಲ್ಲಿ ದಿನನಿತ್ಯದ ಸೌಜನ್ಯ, ಮನಸ್ಸಿನಿಂದಲೇ ಬರುವಂಥದು, ಆದರೆ ಅಂತಿಮ ತೀರ್ಪಲ್ಲ. ಹೊಗಳಿಕೆಯ ನಡುವೆ ಇಟ್ಟು ಹೇಳಿದ ಒಂದು ತಿದ್ದುಪಡಿ ಇರುತ್ತದಲ್ಲ, ಅದೇ ಅವರು ಹೇಳಬೇಕೆಂದಿದ್ದ ವಿಷಯ. ಅದನ್ನು ಬರೆದಿಟ್ಟುಕೊಳ್ಳಿ. ಇನ್ನು ಅಮೆರಿಕ ಎಂದರೆ ಒಂದೇ ಊರಲ್ಲ. ಮಿನ್ನೆಸೋಟ ಕಡೆಯವರು 'ತೀರಾ ಕೆಟ್ಟದಾಗಿಲ್ಲ' ಎಂದು ಮಾತನ್ನು ತಗ್ಗಿಸುವುದರಲ್ಲಿ ಬ್ರಿಟಿಷರಿಗೆ ಹತ್ತಿರ. ನ್ಯೂಯಾರ್ಕಿನವರು ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ 'ಬ್ಲೆಸ್ ಯುವರ್ ಹಾರ್ಟ್' ಎಂಬ ಸಿಹಿ ಮಾತಿನೊಳಗೆ ಚುಚ್ಚು ಇರಬಹುದು.

ಹೆಜ್ಜೆ 2: ಮುಖ ನೋಡಿ ತೀರ್ಮಾನಿಸಬೇಡಿ, ಮಾತಿನ ಅಸಂಬದ್ಧತೆ ಹುಡುಕಿ

ಅಮೆರಿಕನ್ ತಮಾಷೆಗೆ ಸಾಮಾನ್ಯವಾಗಿ ಒಂದು ಸೂಚನೆ ಇರುತ್ತದೆ. ದನಿ ಏರುತ್ತದೆ, ಮುಖದಲ್ಲಿ ನಗು ಕಾಣುತ್ತದೆ, ಕೊನೆಗೆ 'ಜಸ್ಟ್ ಕಿಡ್ಡಿಂಗ್' ಎಂಬ ಮುಕ್ತಾಯ. ಒಬ್ಬರನ್ನು ಎಲ್ಲರೆದುರು ಬೈದು ನಗಿಸುವ 'ರೋಸ್ಟ್' ಪದ್ಧತಿ ಅಮೆರಿಕದ್ದೇ. ನ್ಯೂಯಾರ್ಕಿನ ಫ್ರೈಯರ್ಸ್ ಕ್ಲಬ್ ಅದಕ್ಕೆ ಹೆಸರುವಾಸಿಯಾಗಿತ್ತು. ಆದರೆ ಅದಕ್ಕೊಂದು ವೇದಿಕೆ, ಒಂದು ಸಂಜೆ, ಬೈಸಿಕೊಳ್ಳಲು ಒಪ್ಪಿ ಬಂದು ಕೂತ ಅತಿಥಿ ಇರುತ್ತಾರೆ. ಕಡೆಯಲ್ಲಿ ಪ್ರೀತಿಯ ನಾಲ್ಕು ಮಾತೂ ಆಗುತ್ತವೆ. ಬ್ರಿಟನ್ನಿನಲ್ಲಿ ಆ ವೇದಿಕೆ ಇಲ್ಲ. ಬುಧವಾರ ಬೆಳಗ್ಗೆ ಲಿಫ್ಟ್ ಕಾಯುತ್ತ ನಿಂತಾಗ, ಹವಾಮಾನದ ಬಗ್ಗೆ ಹೇಳುವ ದನಿಯಲ್ಲೇ, ಮುಖದ ಒಂದು ಸ್ನಾಯುವೂ ಅಲುಗದಂತೆ ತಮಾಷೆ ಬಂದುಬಿಡುತ್ತದೆ. ಇದು ತಮಾಷೆ ಎಂದು ಹೇಳಿಬಿಟ್ಟರೆ ಅವರ ಲೆಕ್ಕದಲ್ಲಿ ಅದರ ರುಚಿಯೇ ಹೋಯಿತು.

ಹಾಲಿವುಡ್‌ನ ಗೋಲ್ಡನ್ ಗ್ಲೋಬ್ಸ್ ಪ್ರಶಸ್ತಿ ಸಮಾರಂಭವನ್ನು ಐದು ಸಲ ನಡೆಸಿಕೊಟ್ಟ ಬ್ರಿಟಿಷ್ ಹಾಸ್ಯನಟ ರಿಕಿ ಜರ್ವೇಸ್ 2011ರಲ್ಲಿ ಎದುರಿಗೆ ಕೂತ ತಾರೆಯರನ್ನೇ ಗುರಿಯಾಗಿಸಿ ಆಡಿದ ಮಾತುಗಳು ಅಮೆರಿಕದ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾದವು. ತಾರೆಯರು ಅಲ್ಲಿಗೆ ಬಂದದ್ದು ಗೌರವ ಪಡೆಯಲು, ಬೈಸಿಕೊಳ್ಳಲು ಅಲ್ಲ ಎಂಬುದೇ ಆಕ್ಷೇಪದ ತಿರುಳು. ಜರ್ವೇಸ್ ಅವರ 'ದಿ ಆಫೀಸ್' ಧಾರಾವಾಹಿಯ ಕಥೆ ಇನ್ನೂ ಹೆಚ್ಚು ಕಲಿಸುತ್ತದೆ. ಬಿಬಿಸಿಯಲ್ಲಿ 2001ರಲ್ಲಿ ಶುರುವಾದ ಮೂಲ ಧಾರಾವಾಹಿ ಹದಿನಾಲ್ಕು ಕಂತುಗಳಲ್ಲಿ ಮುಗಿಯಿತು. ಅದರ ಬಾಸ್ ಡೇವಿಡ್ ಬ್ರೆಂಟ್ ನೋಡುವವರಿಗೆ ಮುಜುಗರ ತರಿಸುವ ಮನುಷ್ಯ, ಆ ಮುಜುಗರವೇ ಅಲ್ಲಿ ಹಾಸ್ಯ. 2005ರಲ್ಲಿ ಅಮೆರಿಕದ ಆವೃತ್ತಿ ಬಂತು, ಮೊದಲ ಕಂತು ಬಹುಪಾಲು ಬ್ರಿಟಿಷ್ ಕಂತಿನ ಪ್ರತಿಯೇ. ಎರಡನೇ ಸೀಸನ್ನಿನಿಂದ ಬಾಸ್ ಮೈಕಲ್ ಸ್ಕಾಟ್‌ನನ್ನು ಮೆದು ಮಾಡಿದರು: ದಡ್ಡತನ ಉಳಿಸಿದರು, ಒಳ್ಳೆಯತನ ಸೇರಿಸಿದರು, ಕೆಲಸವನ್ನೂ ತಕ್ಕಮಟ್ಟಿಗೆ ಬಲ್ಲವನನ್ನಾಗಿಸಿದರು. 2013ರವರೆಗೆ 201 ಕಂತು ಓಡಿತು. ಸೋತು ಕೂತವನನ್ನು ನೋಡಿ ಬ್ರಿಟಿಷ್ ಪ್ರೇಕ್ಷಕ ತನ್ನನ್ನೇ ಕಂಡು ನಗುತ್ತಾನೆ. ಅಮೆರಿಕದ ಪ್ರೇಕ್ಷಕನಿಗೆ ಅವನು ಕೊನೆಗೆ ಒಂದಿಷ್ಟಾದರೂ ಗೆಲ್ಲಬೇಕು. ಎರಡೂ ನನಗೆ ಇಷ್ಟ. ಎರಡು ಸಮಾಜಗಳು ಸೋಲನ್ನು ಹೇಗೆ ನೋಡುತ್ತವೆ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ನಾನು ಕಂಡಿಲ್ಲ. ಪುರುಸೊತ್ತಿದ್ದರೆ ಎರಡರ ಮೊದಲ ಕಂತುಗಳನ್ನು ಒಂದರ ಹಿಂದೊಂದು ನೋಡಿ, ಆಮೇಲೆ ಅಮೆರಿಕದ ಎರಡನೇ ಸೀಸನ್ನಿನ ಒಂದು ಕಂತು ನೋಡಿ.

ಕಚೇರಿಯಲ್ಲಿ ಇದರ ಉಪಯೋಗ ಇಷ್ಟೇ. ಬ್ರಿಟಿಷ್ ವ್ಯಕ್ತಿ ಗಂಭೀರ ಮುಖದಿಂದ ಆಡಿದ ಮಾತು ಕಣ್ಣೆದುರಿನ ಸಂಗತಿಗೆ ತಾಳೆಯಾಗದಿದ್ದರೆ ಅದು ತಮಾಷೆ ಎಂದೇ ಹಿಡಿಯಿರಿ. ಸರ್ವರ್ ಬಿದ್ದು ಎಲ್ಲರೂ ಓಡಾಡುತ್ತಿರುವಾಗ 'ಎಲ್ಲ ಬಹಳ ಚೆನ್ನಾಗಿ ಸಾಗುತ್ತಿದೆ' ಎಂದರೆ ವಿವರಣೆ ಕೊಡಲು ಹೋಗಬೇಡಿ. 'ಹೌದು, ಅದ್ಭುತವಾದ ದಿನ' ಎಂದು ಅದೇ ದನಿಯಲ್ಲಿ ಹೇಳಿ ಕೆಲಸಕ್ಕೆ ಹಿಂದಿರುಗಿ. ಗಟ್ಟಿಯಾಗಿ ನಗಬೇಕಾಗಿಲ್ಲ. ಅವರಿಗೆ ಬೇಕಾದದ್ದು ಎದುರಿನವರೂ ಆಟಕ್ಕೆ ಸೇರಿದರು ಎಂಬ ಭರವಸೆ. ಅಮೆರಿಕನ್ ಜೋಕ್ ಹೇಳಿದಾಗ ಮಾತ್ರ ಕಾಣುವಂತೆ ನಗಿ, ಇಲ್ಲವಾದರೆ ನಿಮಗೆ ಬೇಸರವಾಯಿತೇನೋ ಎಂಬ ಅನುಮಾನ ಅವರಿಗೆ ಬರುತ್ತದೆ.

ಹೆಜ್ಜೆ 3: ಕಾಲೆಳೆಯುವುದಕ್ಕೆ ಕ್ರಮವಿದೆ

ಬ್ರಿಟಿಷರಲ್ಲಿ, ಅದರಲ್ಲೂ ಲಿವರ್‌ಪೂಲ್, ಗ್ಲಾಸ್ಗೋ ಕಡೆಯವರಲ್ಲಿ, ಸ್ನೇಹ ಕುದುರಿತು ಎಂಬುದಕ್ಕೆ ಮೊದಲ ಸಾಕ್ಷಿ ಕಾಲೆಳೆಯುವುದು. ಸೌಜನ್ಯದಿಂದ ಮಾತಾಡುತ್ತಿದ್ದಾರೆ ಎಂದರೆ ಇನ್ನೂ ಹತ್ತಿರವಾಗಿಲ್ಲ. ಮಂಡ್ಯ, ಮೈಸೂರು ಕಡೆಯ ಗೆಳೆಯರ ಗುಂಪಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಹುವಚನ ಬಿಟ್ಟು ರೇಗಿಸಲು ಶುರುಮಾಡಿದ ದಿನವೇ ಅಲ್ಲಿ ಗೆಳೆತನ ಪಕ್ಕಾ. ಈ ಹೋಲಿಕೆ ಕನ್ನಡಿಗರಿಗೆ ಅನುಕೂಲವೂ ಹೌದು, ಅಪಾಯವೂ ಹೌದು. ಅನುಕೂಲ, ಬ್ರಿಟಿಷರ ಚೇಷ್ಟೆ ನಮಗೆ ಬೇಗ ಹಿಡಿಸುತ್ತದೆ. ಅಪಾಯ, ಅದೇ ಚಾಳಿಯಲ್ಲಿ ಅಮೆರಿಕನ್ನರ ಮೈಮೇಲೂ ಬೀಳುತ್ತೇವೆ.

ಮೊದಲು ನಿಮ್ಮನ್ನೇ ಗುರಿ ಮಾಡಿಕೊಳ್ಳಿ. ಬ್ರಿಟಿಷರ ಕಣ್ಣಲ್ಲಿ ತನ್ನ ಬಗ್ಗೆ ತಾನೇ ನಗಬಲ್ಲವನು ನಂಬಿಕಸ್ಥ. ಎದುರಿನವರು ಎಳೆದರೆ ಅಷ್ಟೇ ತೂಕದಲ್ಲಿ ವಾಪಸ್ ಎಳೆಯಿರಿ, ಹೆಚ್ಚಿಗೆ ಬೇಡ. ಅವರು ಬದಲಿಸಿಕೊಳ್ಳಬಹುದಾದ ಸಂಗತಿಯನ್ನು ಹಿಡಿಯಿರಿ: ತಾವು ಬೆಂಬಲಿಸುವ ಫುಟ್‌ಬಾಲ್ ತಂಡ, ಕೆಟ್ಟ ಕಾಫಿ, ತಡವಾಗಿ ಬರುವ ಅಭ್ಯಾಸ. ಮೈಬಣ್ಣ, ದೇಹ, ವಯಸ್ಸು, ಧರ್ಮ, ಲಿಂಗ ಇವನ್ನು ಮುಟ್ಟಲೇಬೇಡಿ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತಿತರ ಕಾನೂನುಗಳು, ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆ ಇಂಥ ಹಲವು ಬಗೆಯ ಕಿರುಕುಳದಿಂದ ಉದ್ಯೋಗಿಗಳಿಗೆ ರಕ್ಷಣೆ ಕೊಡುತ್ತವೆ. ಸುಮ್ಮನೆ ತಮಾಷೆಗೆ ಅಂದೆ ಎಂದರೆ ತಪ್ಪಿಸಿಕೊಳ್ಳಲಾಗದು. ಗ್ಲಾಸ್ಗೋದ ಪಬ್ಬಿನಲ್ಲಿ ಗೆಳೆಯನನ್ನು ಅಕ್ಕರೆಯಿಂದ ಕರೆಯುವ ಬೈಗುಳವೊಂದು ಅಮೆರಿಕದ ಕಚೇರಿಯಲ್ಲಿ ಕೆಲಸವನ್ನೇ ಕಳೆಯಬಲ್ಲದು. ಹೊಸದಾಗಿ ಬಂದ ಎಷ್ಟೋ ಬ್ರಿಟಿಷರಿಗೆ ಇದು ಗೊತ್ತಿರುವುದಿಲ್ಲ. ನಿಮಗೆ ಸಲಿಗೆ ಇದ್ದರೆ ಪಕ್ಕಕ್ಕೆ ಕರೆದು ಹೇಳಿ, ಅದು ದೊಡ್ಡ ಉಪಕಾರ.

ಇನ್ನು ಅಮೆರಿಕನ್ ಸಹೋದ್ಯೋಗಿ ಬ್ರಿಟಿಷ್ ಬಾಸ್‌ನ ಮಾತಿಗೆ ನೊಂದಿದ್ದಾನೆ ಎನ್ನಿಸಿದರೆ ಬಾಸ್‌ನ ಪರ ವಕಾಲತ್ತು ವಹಿಸಬೇಡಿ. 'ಅವರ ಕಡೆ ಹತ್ತಿರದವರಿಗೆ ಹೀಗೇ ಮಾತಾಡುವುದು. ಆದರೂ ನಿನಗೆ ಬೇಸರವಾಗಿದ್ದರೆ ನೇರವಾಗಿ ಹೇಳು, ಖಂಡಿತ ನಿಲ್ಲಿಸುತ್ತಾರೆ' ಎಂದರೆ ಸಾಕು.

ಹೆಜ್ಜೆ 4: ಸ್ವಂತ ಕೆಲಸದ ಬಗ್ಗೆ ಮಾತಾಡುವಾಗ ಅಮೆರಿಕದ ದಾರಿ ಹಿಡಿಯಿರಿ

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಬ್ರಿಟಿಷರಿಗೆ ತಮ್ಮನ್ನು ತಾವು ಹೊಗಳಿಕೊಳ್ಳುವುದು ನಾಚಿಕೆಯ ಸಂಗತಿ. ಇಡೀ ಪ್ರಾಜೆಕ್ಟ್ ಹೊತ್ತು ನಡೆಸಿದವರು 'ನಾನೂ ಒಂದಿಷ್ಟು ಕೈಹಾಕಿದೆ' ಎನ್ನುತ್ತಾರೆ. ಕೇಳುವವರೂ ಬ್ರಿಟಿಷರಾಗಿದ್ದರೆ ಅದನ್ನು ಗುಣಿಸಿಕೊಂಡು ಅರ್ಥಮಾಡಿಕೊಳ್ಳುತ್ತಾರೆ. ಅಮೆರಿಕನ್ ಮ್ಯಾನೇಜರ್ ಹಾಗೇ ನಂಬುತ್ತಾನೆ, 'ಒಂದಿಷ್ಟು ಸಹಾಯ ಮಾಡಿದ್ದಾನೆ' ಎಂದು ಬರೆದುಕೊಳ್ಳುತ್ತಾನೆ. ಅವನದು ಕೆಟ್ಟ ಮನಸ್ಸಲ್ಲ. ಮಾಡಿದ್ದನ್ನು ಮಾಡಿದೆ ಎನ್ನುವುದು ಅವನಿಗೆ ಪ್ರಾಮಾಣಿಕತೆ. 'ಏನೋ ಕೈಲಾದಷ್ಟು ಮಾಡಿದೆ ಸಾರ್' ಎನ್ನುತ್ತ ಬೆಳೆದ ಕನ್ನಡಿಗರಿಗೂ ಇದೇ ಪೆಟ್ಟು ಬೀಳುತ್ತದೆ. ವರ್ಷದ ಮೌಲ್ಯಮಾಪನಕ್ಕೆ ಮುಂಚೆ ಮಾಡಿದ ಕೆಲಸ, ಅದರಿಂದ ಉಳಿದ ಸಮಯ ಅಥವಾ ಹಣ, ನಿಮ್ಮ ಪಾಲು ಎಷ್ಟು, ಇವನ್ನು ಅಂಕಿಗಳ ಸಮೇತ ಬರೆದು ಮುಂದಿಡಿ. ವಿಶೇಷಣ ಬೇಡ, ಅಂಕಿ ಸಾಕು. ಓದುವವರು ಬ್ರಿಟಿಷರಾದರೂ ಅಂಕಿಗಳಿಂದ ಅವರಿಗೆ ಮುಜುಗರವಾಗದು.

ಅಮೆರಿಕನ್ ಹೊಗಳಿದರೆ 'ಥ್ಯಾಂಕ್ ಯು' ಎಂದು ಒಪ್ಪಿಕೊಳ್ಳಿ. ಅಯ್ಯೋ ಅದೇನು ಮಹಾ ಎಂದು ತಳ್ಳಿಹಾಕಿದರೆ ಅವರ ತೀರ್ಪನ್ನೇ ತಳ್ಳಿದಂತೆ ಅವರಿಗನ್ನಿಸುತ್ತದೆ. ಬ್ರಿಟಿಷರು ಅಪರೂಪಕ್ಕೆ ಹೊಗಳಿದಾಗ ಮಾತನ್ನು ಬೇಗ ಬೇರೆ ಕಡೆ ತಿರುಗಿಸಿ. ಹೇಳಿ ಮುಗಿಸುವ ಹೊತ್ತಿಗೆ ಅವರಿಗೇ ಸಂಕೋಚವಾಗಿರುತ್ತದೆ.

ಹೆಜ್ಜೆ 5: ಇಬ್ಬರಲ್ಲೂ ನೋಯುವ ಜಾಗಗಳನ್ನು ತಿಳಿದಿರಿ

ಅಮೆರಿಕದಲ್ಲಿ ರಾಷ್ಟ್ರಧ್ವಜ, ಸೈನಿಕರು, ದೇವರು ಈ ಮೂರರ ಬಗ್ಗೆ ಹೊರಗಿನವರು ಲಘುವಾಗಿ ಮಾತಾಡದಿರುವುದು ಒಳ್ಳೆಯದು. ಮಕ್ಕಳು ಶಾಲೆಯಲ್ಲಿ ಧ್ವಜಕ್ಕೆ ನಿಷ್ಠೆಯ ಪ್ರಮಾಣ ಹೇಳಿ ಬೆಳೆಯುತ್ತಾರೆ, ನಿವೃತ್ತ ಸೈನಿಕರಿಗೆ ಅಪರಿಚಿತರೂ ಕೃತಜ್ಞತೆ ಹೇಳುತ್ತಾರೆ. ಬ್ರಿಟನ್ನಿನಲ್ಲಿ ಪ್ರಧಾನಿಯಿಂದ ಬಿಷಪ್‌ವರೆಗೆ ಎಲ್ಲರೂ ಹಾಸ್ಯಕ್ಕೆ ಸರಕು. ಅಲ್ಲಿಂದ ಬಂದವರು ಅದೇ ಧಾಟಿಯಲ್ಲಿ ಅಮೆರಿಕದ ದೇಶಭಕ್ತಿಯನ್ನು ಅಣಕಿಸಿದಾಗ ಊಟದ ಮೇಜು ಮೌನವಾಗುತ್ತದೆ. ತನ್ನ ದೇಶವನ್ನು ತಾನು ಬೈಯುವ ಅಮೆರಿಕನ್ ಕೂಡ ಅತಿಥಿಯ ಬಾಯಲ್ಲಿ ಆ ಮಾತು ಕೇಳಲು ತಯಾರಿರುವುದಿಲ್ಲ. ಬಂದೂಕು, ಆಸ್ಪತ್ರೆ ಬಿಲ್ಲುಗಳ ಬಗ್ಗೆಯೂ ಅಷ್ಟೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಹಾಸ್ಯಗಾರ ಜಾನ್ ಆಲಿವರ್ 2006ರಲ್ಲಿ ಅಮೆರಿಕಕ್ಕೆ ಬಂದು, 2019ರಲ್ಲಿ ಅಲ್ಲಿನ ಪೌರತ್ವ ಪಡೆದು, ಆ ದೇಶವನ್ನೇ ವಾರವಾರ ಟಿವಿಯಲ್ಲಿ ಟೀಕಿಸುತ್ತಾರೆ. ಜನ ಕೇಳುತ್ತಾರೆ, ಯಾಕೆಂದರೆ ತಮ್ಮನ್ನೇ ಮೊದಲು ಗೇಲಿ ಮಾಡಿಕೊಳ್ಳುತ್ತಾರೆ, ಅಲ್ಲಿನ ವ್ಯವಸ್ಥೆ ಸರಿಹೋಗಲಿ ಎಂಬ ಕಾಳಜಿಯನ್ನೂ ಮುಚ್ಚಿಡುವುದಿಲ್ಲ.

ಬ್ರಿಟಿಷರ ಕಡೆ ನೋಯುವುದು ಬೇರೆ. ಸ್ಕಾಟ್ಲೆಂಡ್, ವೇಲ್ಸ್‌ನವರನ್ನು ಇಂಗ್ಲಿಷರು ಎನ್ನಬೇಡಿ. ಕನ್ನಡಿಗರನ್ನು ಮದ್ರಾಸಿ ಎಂದಾಗ ಆಗುವ ಕಿರಿಕಿರಿಯೇ ಅವರಿಗೂ. ಅವರ ಉಚ್ಚಾರವನ್ನು ಅನುಕರಿಸಬೇಡಿ. 'ನಿಮ್ಮ ಆಕ್ಸೆಂಟ್ ಎಷ್ಟು ಚೆಂದ' ಎಂಬುದನ್ನು ಅವರು ಅಂಗಡಿ, ಟ್ಯಾಕ್ಸಿ, ಬ್ಯಾಂಕು ಎಲ್ಲ ಕಡೆ ಕೇಳಿ ದಣಿದಿರುತ್ತಾರೆ. 1948ರಿಂದ ನಡೆಯುತ್ತಿರುವ ಅವರ ಸರ್ಕಾರಿ ಆರೋಗ್ಯ ಸೇವೆಯನ್ನು ಅವರೇ ದಿನವಿಡೀ ಬೈಯಬಹುದು, ಹೊರಗಿನವರು ಬೈದರೆ ಎದ್ದು ನಿಲ್ಲುತ್ತಾರೆ. ರಜೆಯ ವಿಷಯದಲ್ಲಿ ಅವರನ್ನು ಆಲಸಿಗಳೆಂದು ರೇಗಿಸುವುದೂ ಬೇಡ. ಬ್ರಿಟನ್ನಿನಲ್ಲಿ ಪೂರ್ಣಾವಧಿ ಉದ್ಯೋಗಿಗೆ ವರ್ಷಕ್ಕೆ 28 ದಿನ ಸಂಬಳ ಸಹಿತ ರಜೆ ಕಾನೂನಿನ ಹಕ್ಕು, ಅಮೆರಿಕದ ಕೇಂದ್ರ ಕಾನೂನಿನಲ್ಲಿ ಒಂದು ದಿನವೂ ಕಡ್ಡಾಯವಿಲ್ಲ. ಹೊಸ ಪರಿಚಯದಲ್ಲಿ ಕೆಲಸ, ಸಂಸಾರ ಎಂದು ಅಮೆರಿಕನ್ ನೇರ ಕೇಳುತ್ತಾನೆ. ಬ್ರಿಟಿಷರ ಜೊತೆ ಹವಾಮಾನದಿಂದ ಶುರುಮಾಡಿ, ಉಳಿದದ್ದು ತಾನಾಗಿ ಬರುತ್ತದೆ.

ಹೆಜ್ಜೆ 6: ದಿನನಿತ್ಯದ ಗೊಂದಲಗಳನ್ನು ಮೊದಲೇ ಬಿಡಿಸಿಕೊಳ್ಳಿ

ದಿನಾಂಕವನ್ನು ಅಂಕಿಯಲ್ಲಿ ಬರೆಯದೆ ತಿಂಗಳ ಹೆಸರು ಬರೆಯಿರಿ. 4/7 ಎಂಬುದು ಬ್ರಿಟಿಷರಿಗೆ ನಮ್ಮಂತೆ ಜುಲೈ 4, ಅಮೆರಿಕನ್ನರಿಗೆ ಏಪ್ರಿಲ್ 7. 'ಹಾಫ್ ಸೆವೆನ್' ಎಂದು ಬ್ರಿಟಿಷರು ಹೇಳಿದರೆ ಏಳೂವರೆ. ಫಸ್ಟ್ ಫ್ಲೋರ್ ಅಮೆರಿಕದಲ್ಲಿ ನೆಲಮಹಡಿ. ಸಭೆಯಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡೋಣ ಎಂದರೆ ಬ್ರಿಟಿಷರಿಗೆ ಈಗಲೇ ಚರ್ಚಿಸೋಣ, ಅಮೆರಿಕನ್ನರಿಗೆ ಮುಂದೂಡೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಒಂದು ಪದಕ್ಕಾಗಿ ಎರಡೂ ದೇಶಗಳ ಸೇನಾಧಿಕಾರಿಗಳು ಬಹಳ ಹೊತ್ತು ಜಗಳವಾಡಿ, ಕಡೆಗೆ ಇಬ್ಬರಿಗೂ ಬೇಕಾದದ್ದು ಒಂದೇ ಎಂದು ಕಂಡುಕೊಂಡದ್ದನ್ನು ಚರ್ಚಿಲ್ ತಮ್ಮ ಯುದ್ಧಕಾಲದ ನೆನಪುಗಳಲ್ಲಿ ದಾಖಲಿಸಿದ್ದಾರೆ.

ಪಬ್ಬಿಗೆ ಹೋದರೆ ಬ್ರಿಟಿಷರ ಗುಂಪಿನಲ್ಲಿ ಒಬ್ಬೊಬ್ಬರೂ ಸರದಿಯಂತೆ ಎಲ್ಲರಿಗೂ ಕೊಡಿಸುತ್ತಾರೆ. ನೀವು ಜ್ಯೂಸ್ ಕುಡಿಯುವವರಾದರೂ ನಿಮ್ಮ ಸರದಿ ತಪ್ಪಿಸಬೇಡಿ, ಅವರು ಬಾಯಿಬಿಟ್ಟು ಹೇಳದಿದ್ದರೂ ಮರೆಯುವುದಿಲ್ಲ. ಅಮೆರಿಕದಲ್ಲಿ ಬಿಲ್ ಹಂಚಿಕೊಳ್ಳುವುದು ಸಾಮಾನ್ಯ, ಟಿಪ್ಸ್ ಶೇಕಡ 15ರಿಂದ 20. ಅಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಕೇಂದ್ರ ಕಾನೂನು ಗೊತ್ತುಪಡಿಸಿದ ಕನಿಷ್ಠ ನಗದು ಕೂಲಿ 1991ರಿಂದ ಗಂಟೆಗೆ 2.13 ಡಾಲರ್. ಟಿಪ್ಸ್ ಬಗ್ಗೆ ಬ್ರಿಟಿಷ್ ಗೆಳೆಯರು ಗೊಣಗಿದರೆ ಈ ಅಂಕಿ ಹೇಳಿ. ಅಮೆರಿಕದ ಚಹಾದ ಬಗ್ಗೆ ಅವರ ಗೊಣಗಾಟಕ್ಕೂ ಕಾರಣವಿದೆ: ಅಮೆರಿಕದ ಮನೆಗಳಲ್ಲಿ ವಿದ್ಯುತ್ 120 ವೋಲ್ಟ್, ಬ್ರಿಟನ್ನಿನಲ್ಲಿ ನಮ್ಮಂತೆ 230. ಅಮೆರಿಕದ ಕೆಟಲ್ ಅರ್ಧದಷ್ಟೇ ಶಕ್ತಿಯಲ್ಲಿ ನೀರು ಕಾಯಿಸುವುದರಿಂದ ಎಷ್ಟೋ ಮನೆಗಳಲ್ಲಿ ಅದು ಇರುವುದೇ ಇಲ್ಲ.

ಹೆಜ್ಜೆ 7: ಬರಹದಲ್ಲಿ ಮಾತ್ರ ಎಲ್ಲವನ್ನೂ ಬಿಚ್ಚಿ ಹೇಳಿ

ಇಮೇಲ್, ಚಾಟ್‌ನಲ್ಲಿ ದನಿ ಕೇಳಿಸದು, ಮುಖ ಕಾಣದು. ಗಂಭೀರ ಮುಖದ ಬ್ರಿಟಿಷ್ ತಮಾಷೆ ಅಲ್ಲಿ ಅಮೆರಿಕನ್ನರಿಗೆ ಹೆಚ್ಚಾಗಿ ದಕ್ಕುವುದಿಲ್ಲ. ಮೂರು ಕಡೆಯವರೂ ಇರುವ ಗುಂಪಿನಲ್ಲಿ ಬರಹದ ಹಾಸ್ಯಕ್ಕೆ ಒಂದು ನಗುಮುಖದ ಚಿಹ್ನೆ ಹಾಕುವುದು ಒಳ್ಳೆಯದು. ಹಾಸ್ಯ ಕೊಂಚ ಸಪ್ಪೆಯಾದರೂ ಯಾರ ಮನಸ್ಸೂ ಕೆಡುವುದಿಲ್ಲ. 'ಸಾಧ್ಯವಾದರೆ ಒಮ್ಮೆ ನೋಡಬಹುದೇನೋ' ಎಂದು ಬ್ರಿಟಿಷ್ ಬಾಸ್ ಬರೆದರೆ ಅದು ಆದೇಶ, ಇವತ್ತೇ ನೋಡಿ. ಬ್ರಿಟಿಷ್ ಸ್ನೇಹಿತೆ ಸಂದೇಶದ ಕೊನೆಗೆ ಮುತ್ತಿನ ಗುರುತಾದ ಒಂದು 'ಎಕ್ಸ್' (x) ಹಾಕಿದರೆ ಅದು ಅವರಲ್ಲಿ ಗೆಳೆತನದ ವಾಡಿಕೆ, ಬೇರೆ ಅರ್ಥ ಕಲ್ಪಿಸಬೇಡಿ.

ತಮಾಷೆ ಯಾರಿಗಾದರೂ ನಾಟಿತು ಎಂದು ಅನುಮಾನ ಬಂದರೆ ಅದೇ ದಿನ ಸರಿಮಾಡಿ, ಆದರೆ ಬೇರೆ ಬೇರೆ ರೀತಿಯಲ್ಲಿ. ಅಮೆರಿಕನ್ ಆದರೆ ಒಂದು ಕಾಲ್ ಮಾಡಿ, 'ನಾನು ಅಂದ ಮಾತು ನಿನಗೆ ಬೇಸರ ತಂದಿತೇನೋ, ಆ ಉದ್ದೇಶ ಇರಲಿಲ್ಲ, ಕ್ಷಮಿಸು' ಎಂದು ನೇರವಾಗಿ ಹೇಳಿ. ಅವರು ಅಲ್ಲೇ ಮನಸ್ಸು ಬಿಚ್ಚಿ ಮಾತಾಡಿ ಮುಗಿಸುತ್ತಾರೆ. ಬ್ರಿಟಿಷರಾದರೆ ಒಂದೇ ಒಂದು 'ಸಾರಿ', ಒಂದು ವಾಕ್ಯ, ಅಷ್ಟೇ. 'ಇರಲಿ ಬಿಡು, ಚಿಂತೆಯಿಲ್ಲ' ಎನ್ನುತ್ತಾರೆ. ನಿಜಕ್ಕೂ ಮನ್ನಿಸಿದರೋ ಇಲ್ಲವೋ ಎಂಬುದು ಆ ಉತ್ತರದಿಂದ ತಿಳಿಯದು. ಮುಂದಿನ ವಾರ ಅವರು ಮತ್ತೆ ನಿಮ್ಮ ಕಾಲೆಳೆದರೆ ಮನ್ನಿಸಿದ್ದಾರೆ. ತೀರಾ ಸೌಜನ್ಯದಿಂದ ಮಾತಾಡುತ್ತಿದ್ದರೆ ಇನ್ನೊಮ್ಮೆ ಹೋಗಿ ಒಂದು ಕಪ್ ಚಹಾಕ್ಕೆ ಕರೆಯಿರಿ.